ಅಪಾಯಕಾರಿ ನಾಯಿ ಸಾಕುವವರಿಗೆ ಕರ್ನಾಟಕದಲ್ಲಿರುವ ನಿಯಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾವಲಿಗೆಂದೋ ಪ್ರೀತಿಗೆಂದೋ ದೊಡ್ಡ ನಾಯಿಗಳನ್ನು ಸಾಕುವವರು, ಅವರ ಗೇಟಿನ ಮುಂದೆ ದಿನವೂ ಹಾದುಹೋಗಬೇಕಾದವರು, ಅಪಾರ್ಟ್‌ಮೆಂಟ್ ಸಂಘಗಳ ಪದಾಧಿಕಾರಿಗಳು ಮಾತುಕತೆಯಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ನಮ್ಮಲ್ಲಿ ಅಪಾಯಕಾರಿ ನಾಯಿಗಳಿಗೆಂದೇ ಮೀಸಲಾದ ಒಂದು ಕಾಯ್ದೆ ಇಲ್ಲ. ನಿಯಮಗಳು ದಂಡಸಂಹಿತೆಯಲ್ಲಿ ಒಂದಿಷ್ಟು, ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಒಂದಿಷ್ಟು, ಪಾಲಿಕೆಯ ಉಪವಿಧಿಗಳಲ್ಲಿ ಇನ್ನಷ್ಟು ಎಂಬಂತೆ ಚದುರಿಕೊಂಡಿರುವುದರಿಂದಲೇ ಇಷ್ಟು ಗೊಂದಲ ಹುಟ್ಟಿದೆ.

## ಮೊದಲು ತಿಳಿಯಬೇಕಾದವು

ಪಿಟ್‌ಬುಲ್, ರಾಟ್‌ವೀಲರ್ ಸಾಕುವುದನ್ನು ಸರ್ಕಾರ ನಿಷೇಧಿಸಿದೆಯಂತೆ, ನಿಜವೇ?

ಕರ್ನಾಟಕದಲ್ಲಿ ಅಂಥ ನಿಷೇಧ ಜಾರಿಯಲ್ಲಿಲ್ಲ, ಆದರೆ ಸುದ್ದಿ ಸುಮ್ಮನೆ ಹುಟ್ಟಿದ್ದೂ ಅಲ್ಲ. ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು 2024ರ ಮಾರ್ಚ್ 12ರಂದು ಎಲ್ಲ ರಾಜ್ಯಗಳಿಗೆ ಒಂದು ಸುತ್ತೋಲೆ ಕಳುಹಿಸಿ, ಪಿಟ್‌ಬುಲ್ ಟೆರಿಯರ್, ರಾಟ್‌ವೀಲರ್, ಡೋಗೋ ಅರ್ಜೆಂಟೀನೋ, ಕೇನ್ ಕೋರ್ಸೋ, ಕಂಗಾಲ್, ರೊಡೇಶಿಯನ್ ರಿಡ್ಜ್‌ಬ್ಯಾಕ್ ಮೊದಲಾದ 23 ತಳಿಗಳ ಮಾರಾಟಕ್ಕೂ ಸಂವರ್ಧನೆಗೂ ಪರವಾನಗಿ ಕೊಡಬಾರದೆಂದೂ, ಈಗಾಗಲೇ ಮನೆಗಳಲ್ಲಿರುವ ಅಂಥ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ಸೂಚಿಸಿತ್ತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಮಾರ್ಚ್ 19ರಂದು ತಡೆಯಾಜ್ಞೆ ನೀಡಿತು. ಏಪ್ರಿಲ್ 10ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸುತ್ತೋಲೆಯನ್ನೇ ರದ್ದುಗೊಳಿಸಿದರು. ಸಂಬಂಧಪಟ್ಟವರ ಅಹವಾಲು ಕೇಳದೆ, ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿರುವ ನಿಯಮಗಳನ್ನು ಮೀರಿ ಹೀಗೆ ನಿಷೇಧ ಹೇರಲಾಗದು ಎಂಬುದು ಆ ತೀರ್ಪಿನ ತಿರುಳು. ಕ್ರಮಬದ್ಧವಾಗಿ ಎಲ್ಲರ ಮಾತು ಕೇಳಿ ಹೊಸ ನಿಯಮ ತರುವ ದಾರಿಯನ್ನು ನ್ಯಾಯಾಲಯ ಮುಚ್ಚಿಲ್ಲ.

ಆ ಪಟ್ಟಿಯನ್ನು ಓದಿದವರಿಗೆ ಅದರ ಅವಸರವೂ ಕಾಣುತ್ತಿತ್ತು. ಜಪಾನಿನ ಟೋಸಾ ನಾಯಿ ಅದರಲ್ಲಿ ಎರಡು ಕಡೆ ಬಂದಿತ್ತು. "ಟೆರಿಯರ್‌ಗಳು" ಎಂದು ಒಂದೇ ಪದದಲ್ಲಿ ಬರೆದಿದ್ದರಿಂದ ತೊಡೆಯ ಮೇಲೆ ಮಲಗುವ ಯಾರ್ಕ್‌ಶೈರ್ ಟೆರಿಯರ್ ಕೂಡ ಕ್ರೂರ ತಳಿಗಳ ಸಾಲಿಗೆ ಸೇರುವಂತಿತ್ತು.

ಹಾಗಾದರೆ ಕಾನೂನಿನ ಕಣ್ಣಲ್ಲಿ ಅಪಾಯಕಾರಿ ನಾಯಿ ಎಂದರೆ ಯಾವುದು?

ನಮ್ಮ ಕಾನೂನು ತಳಿಯ ಹೆಸರು ಕೇಳುವುದಿಲ್ಲ. ಆ ಒಂದು ನಾಯಿಯ ನಡತೆಯನ್ನೂ ಅದನ್ನು ಇಟ್ಟುಕೊಂಡವರ ಎಚ್ಚರವನ್ನೂ ನೋಡುತ್ತದೆ. ಹಳೆಯ ದಂಡಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಹೇಳುವುದಿಷ್ಟು: ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗುವ ಸಂಭವವಿದ್ದಾಗ, ಅದನ್ನು ತಡೆಯಲು ಸಾಕಾಗುವಷ್ಟು ಕ್ರಮವನ್ನು ತಿಳಿದೂ ತಿಳಿದೂ ಅಥವಾ ಅಜಾಗರೂಕತೆಯಿಂದ ಕೈಗೊಳ್ಳದಿರುವುದು ಅಪರಾಧ. ಇಲ್ಲಿ "ಪ್ರಾಣಿ" ಎಂದಷ್ಟೇ ಇದೆ. ಹಾಯುವ ಹೋರಿಗೂ ಕಚ್ಚುವ ನಾಯಿಗೂ ಒಂದೇ ಕಲಮು. ಆದ್ದರಿಂದ ಶಾಂತವಾಗಿ ಬೆಳೆದ ರಾಟ್‌ವೀಲರ್ ಕೇವಲ ಹೆಸರಿನಿಂದ ಅಪಾಯಕಾರಿ ಆಗುವುದಿಲ್ಲ, ಪತ್ರಿಕೆ ಹಾಕುವ ಹುಡುಗನನ್ನು ಎರಡು ಸಲ ಕಚ್ಚಿದ ಪೊಮೇರಿಯನ್ ಗಾತ್ರದಿಂದಾಗಿ ಪಾರಾಗುವುದೂ ಇಲ್ಲ. ನನ್ನ ಮೀನಖಂಡದಲ್ಲಿರುವ ಹಳೆಯ ಕಲೆ ಅಂಥ ಒಂದು ಪೊಮೇರಿಯನ್ನಿನದೇ ಎಂಬುದನ್ನು ಇಲ್ಲಿ ಹೇಳಿಬಿಡುವುದು ಪ್ರಾಮಾಣಿಕತೆ.

ಹಾಗೆಂದು ತಳಿಗೆ ಬೆಲೆಯೇ ಇಲ್ಲ ಎಂದಲ್ಲ. ಐವತ್ತು ಕಿಲೋ ತೂಗುವ, ದವಡೆ ಬಲವಾಗಿರುವ ನಾಯಿಯನ್ನು ಸಾಕುವವರಿಗೆ "ಸಾಕಾಗುವಷ್ಟು ಕ್ರಮ" ಎಂಬುದರ ಅಳತೆ ಸಹಜವಾಗಿಯೇ ಹೆಚ್ಚಾಗುತ್ತದೆ. ಪೊಮೇರಿಯನ್ನಿಗೆ ಮೊಣಕಾಲೆತ್ತರದ ಗೇಟು ಸಾಕಾಗಬಹುದು, ಮ್ಯಾಸ್ಟಿಫ್‌ಗೆ ಆಗದು.

ನಾಯಿಗೆ ಪರವಾನಗಿ ಬೇಕೇ? ಹಳ್ಳಿಯಲ್ಲೂ ಬೇಕೇ?

ನಗರಗಳಲ್ಲಿ ಸಾಕುನಾಯಿಗೆ ಪರವಾನಗಿ ಪಡೆಯುವ ವ್ಯವಸ್ಥೆ ಇದೆ. ಅರ್ಜಿಯ ಜೊತೆಗೆ ರೇಬೀಸ್ ಲಸಿಕೆ ಹಾಕಿಸಿದ ದಾಖಲೆ ಮುಖ್ಯವಾಗಿ ಬೇಕಾಗುತ್ತದೆ. ಶುಲ್ಕ, ಅವಧಿ, ನಮೂನೆಗಳು ಊರಿನಿಂದ ಊರಿಗೆ ಬೇರೆಯಾಗುವುದರಿಂದ ನಿಮ್ಮ ಪಾಲಿಕೆಯ ಪಶುಪಾಲನಾ ವಿಭಾಗದಲ್ಲೋ ಪುರಸಭೆಯ ಆರೋಗ್ಯ ಶಾಖೆಯಲ್ಲೋ ವಿಚಾರಿಸಬೇಕು. ಬೆಂಗಳೂರಿನವರು ಇನ್ನೊಂದನ್ನು ಗಮನಿಸಬೇಕು: 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಫ್ಲ್ಯಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು ಎಂಬ ಮಿತಿಯನ್ನು ಈಗಲೂ ಹಲವರು ಉಲ್ಲೇಖಿಸುತ್ತಾರೆ. ಅದು 2018ರಲ್ಲಿ ಬಿಬಿಎಂಪಿ ತರಲು ಹೊರಟ ಉಪವಿಧಿಯ ಮಾತು. ತೀವ್ರ ವಿರೋಧ ಬಂದ ಮೇಲೆ ಅದು ಜಾರಿಯಲ್ಲಿ ನಿಲ್ಲಲಿಲ್ಲ.

ಹಳ್ಳಿಗಳಲ್ಲಿ ಪರವಾನಗಿಯ ರೂಢಿ ಇಲ್ಲವೆಂದೇ ಹೇಳಬೇಕು. ಆದರೆ 291ನೇ ಕಲಮು ತೋಟದ ಮನೆಗೂ ಅನ್ವಯಿಸುತ್ತದೆ. ರಾತ್ರಿ ಬಿಟ್ಟ ನಾಯಿ ಬೇಲಿ ದಾಟಿ ಬಂದು ಮುಂಜಾನೆ ಹಾಲಿನ ಡೇರಿಗೆ ಹೊರಟವರನ್ನು ಕಚ್ಚಿದರೆ, ನಮ್ಮದು ಪಂಚಾಯಿತಿ ವ್ಯಾಪ್ತಿ ಎಂಬುದು ಉತ್ತರವಾಗದು.

ವಾಕಿಂಗಿಗೆ ಕರೆದೊಯ್ಯುವಾಗ ಬಾಯಿಕುಕ್ಕೆ ಹಾಕಲೇಬೇಕೇ?

ಎಲ್ಲ ನಾಯಿಗಳಿಗೂ ಎಲ್ಲ ಕಡೆಯೂ ಬಾಯಿಕುಕ್ಕೆ ಹಾಕಲೇಬೇಕೆಂಬ ರಾಜ್ಯವ್ಯಾಪಿ ನಿಯಮವಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯು ಸಾರ್ವಜನಿಕ ಜಾಗದಲ್ಲಿ ನಾಯಿಯನ್ನು ಬೆಲ್ಟು ಹಾಕಿ ಹಿಡಿದುಕೊಳ್ಳುವಂತೆ ಮಾಲೀಕರಿಗೆ ಸಲಹೆ ನೀಡುತ್ತದೆ. ಬಾಯಿಕುಕ್ಕೆಯನ್ನು ವಸತಿ ಸಂಘಗಳು ಎಲ್ಲರ ಮೇಲೂ ಹೇರುವುದನ್ನು ಆ ಮಾರ್ಗಸೂಚಿ ಒಪ್ಪುವುದಿಲ್ಲ. ಆದರೆ ಒಮ್ಮೆ ಕಚ್ಚಿದ ಅಥವಾ ಅಪರಿಚಿತರ ಮೇಲೆ ಎಗರುವ ಸ್ವಭಾವದ ನಾಯಿಯನ್ನು ಲಿಫ್ಟಿನಲ್ಲಿ, ಶಾಲೆಯ ಬಳಿ, ಸಂತೆಯಲ್ಲಿ ಬರಿಬಾಯಲ್ಲಿ ಕರೆದೊಯ್ದರೆ, ಮುಂದೆ ಪ್ರಕರಣವಾದಾಗ ಅದೇ ನಿಮ್ಮ ಅಜಾಗರೂಕತೆಗೆ ಸಾಕ್ಷಿಯಾಗುತ್ತದೆ. ಕೊಳ್ಳುವುದಾದರೆ ಬುಟ್ಟಿಯಾಕಾರದ್ದನ್ನೇ ಕೊಳ್ಳಿ. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಬಾಯಿಯನ್ನು ಬಿಗಿಯುವ ಬಟ್ಟೆಯ ಪಟ್ಟಿ ನಮ್ಮ ಬೇಸಿಗೆಯಲ್ಲಿ ನಾಯಿಯ ಜೀವಕ್ಕೇ ಅಪಾಯ, ಏಕೆಂದರೆ ನಾಯಿ ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ಬಾಯಿಂದಲೇ.

ಗೇಟಿಗೆ "ನಾಯಿ ಇದೆ ಎಚ್ಚರಿಕೆ" ಎಂದು ಫಲಕ ಹಾಕಿದ್ದೇವೆ, ಸಾಲದೇ?

ಸಾಲದು. ಫಲಕದಿಂದ ಎರಡು ಅರ್ಥ ಹೊರಡುತ್ತವೆ ಎಂಬುದನ್ನು ಮಾಲೀಕರು ಮರೆಯುತ್ತಾರೆ: ಬರುವವರಿಗೆ ಎಚ್ಚರಿಕೆ ಕೊಟ್ಟಂತಾಗುತ್ತದೆ, ಜೊತೆಗೆ ಆ ನಾಯಿಯಿಂದ ಅಪಾಯವಿದೆ ಎಂಬುದು ನಿಮಗೆ ಮೊದಲೇ ಗೊತ್ತಿತ್ತೆಂದು ಒಪ್ಪಿಕೊಂಡಂತೆಯೂ ಆಗುತ್ತದೆ. ಅಂಚೆಯವರು, ಗ್ಯಾಸ್ ಸಿಲಿಂಡರ್ ತರುವವರು, ವಿದ್ಯುತ್ ಮೀಟರ್ ಓದುವವರು ಕೆಲಸದ ಮೇಲೆ ಒಳಗೆ ಬರಲೇಬೇಕಾದವರು. ಅವರಲ್ಲಿ ಓದು ಬಾರದವರೂ ಇರಬಹುದು. ಫಲಕದ ಜೊತೆಗೆ ಒಳಗಿನಿಂದ ಚಿಲಕವಿರುವ ಗೇಟು, ಗೇಟಿನ ಹೊರಗೆ ಕರೆಗಂಟೆ ಮತ್ತು ಅಂಚೆಪೆಟ್ಟಿಗೆ ಇದ್ದರೆ ಮಾತ್ರ ಕ್ರಮ ಪೂರ್ಣವಾಗುತ್ತದೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು ನಾಯಿ ಓದಿರುವುದಿಲ್ಲ.

## ಕಚ್ಚಿದ ಮೇಲೆ

ಮನೆಯಲ್ಲೇ ಸಾಕಿದ, ಲಸಿಕೆ ಹಾಕಿಸಿದ ನಾಯಿ ಕಚ್ಚಿದರೂ ಚುಚ್ಚುಮದ್ದು ತೆಗೆದುಕೊಳ್ಳಬೇಕೇ?

ಚರ್ಮ ತರಚಿದ್ದರೆ ಅಥವಾ ರಕ್ತ ಬಂದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಲೇಬೇಕು. ನಾಯಿಗೆ ಹಾಕಿಸಿದ ಲಸಿಕೆ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಕಚ್ಚಿಸಿಕೊಂಡವರಿಗೆ ಖಾತರಿ ಕೊಡುವುದಿಲ್ಲ, ಮತ್ತು ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿಸುವ ಚಿಕಿತ್ಸೆ ಇಲ್ಲ. ಮೊದಲ ಕೆಲಸ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯುವುದು. ಅರಿಸಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಯಾವುದನ್ನೂ ಮೆತ್ತಬಾರದು. ಲಸಿಕೆಯನ್ನು ಸ್ನಾಯುವಿಗೆ ಕೊಡುವುದಾದರೆ ಮೊದಲ ದಿನವನ್ನು ಸೊನ್ನೆ ಎಂದೆಣಿಸಿ 0, 3, 7, 14 ಮತ್ತು 28ನೇ ದಿನಗಳಂದು ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ 14ನೇ ದಿನದ್ದು ಇರುವುದಿಲ್ಲ. ರಕ್ತ ಬರುವಂತೆ ಕಚ್ಚಿದ್ದರೆ ಲಸಿಕೆಯೊಂದಿಗೆ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವಿರುದ್ಧದ ಸಿದ್ಧ ಪ್ರತಿಕಾಯಗಳು) ಕೂಡ ಬೇಕು. ಅದನ್ನು ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ.

ನಾಯಿಯ ಮಾಲೀಕರ ಪಾಲಿನ ಕೆಲಸವೆಂದರೆ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಟ್ಟುಕೊಂಡು, ಅದರ ಸ್ಥಿತಿಯನ್ನು ಕಚ್ಚಿಸಿಕೊಂಡವರಿಗೆ ಸುಳ್ಳಿಲ್ಲದೆ ತಿಳಿಸುವುದು. ಹತ್ತು ದಿನವೂ ಅದು ಆರೋಗ್ಯವಾಗಿದ್ದರೆ ಉಳಿದ ಚುಚ್ಚುಮದ್ದುಗಳ ಬಗ್ಗೆ ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಹತ್ತು ದಿನ ಕಾದು ನೋಡಿ ಆಮೇಲೆ ಲಸಿಕೆ ಶುರು ಮಾಡುವುದು ಎಂದಿಗೂ ಕೂಡದು. ಹೆದರಿಕೆಯಿಂದ ನಾಯಿಯನ್ನು ದೂರದ ಊರಿಗೆ ಸಾಗಿಸಿಬಿಡುವ ಮಾಲೀಕರು ಎದುರಿನವರ ಜೀವದ ಜೊತೆ ಆಟವಾಡುತ್ತಿದ್ದಾರೆ ಎಂದೇ ನನ್ನ ಅಭಿಪ್ರಾಯ.

ಪೊಲೀಸರಿಗೆ ದೂರು ಕೊಟ್ಟರೆ ಯಾವ ಕಲಮು ಹಾಕುತ್ತಾರೆ, ಶಿಕ್ಷೆ ಎಷ್ಟು?

ಮೇಲೆ ಹೇಳಿದ 291ನೇ ಕಲಮಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. 2024ರ ಜುಲೈ 1ಕ್ಕೆ ಮೊದಲು ನಡೆದ ಘಟನೆಯಾದರೆ ಹಳೆಯ ಭಾರತೀಯ ದಂಡ ಸಂಹಿತೆಯ 289ನೇ ಕಲಮು ಅನ್ವಯಿಸುತ್ತದೆ; ಅದರಲ್ಲಿ ದಂಡ 1,000 ರೂಪಾಯಿವರೆಗೆ ಮಾತ್ರ ಇತ್ತು. ಇದು ಜಾಮೀನು ಸಿಗುವ ಅಪರಾಧವಾದರೂ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದಾದದ್ದು.

ಗಾಯ ಹೆಚ್ಚಾದಂತೆ ಕಲಮುಗಳೂ ಏರುತ್ತವೆ. ಬೇರೆಯವರ ಸುರಕ್ಷತೆಗೆ ಅಪಾಯ ತರುವ ದುಡುಕಿನ ಅಥವಾ ಅಜಾಗರೂಕ ಕೃತ್ಯಕ್ಕೆ ನ್ಯಾಯ ಸಂಹಿತೆಯ 125ನೇ ಕಲಮು ಇದೆ. ಅದರಿಂದ ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ. ಮೂಳೆ ಮುರಿತ, ಮುಖ ಶಾಶ್ವತವಾಗಿ ವಿಕಾರವಾಗುವುದು, 15 ದಿನ ತೀವ್ರ ನೋವಿನಿಂದ ನರಳುವುದು ಇವೆಲ್ಲ ತೀವ್ರ ಗಾಯದ ವ್ಯಾಖ್ಯೆಯಲ್ಲಿವೆ. ನಾಯಿ ಕಡಿತದಲ್ಲಿ, ಅದರಲ್ಲೂ ಮಕ್ಕಳ ವಿಷಯದಲ್ಲಿ, ಮುಖದ ಗಾಯ ಅಪರೂಪವಲ್ಲ. ಸಾವು ಸಂಭವಿಸಿದರೆ 106ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಾಗಬಹುದು.

ಠಾಣೆಯಲ್ಲಿ "ನಾಯಿ ವಿಷಯ ತಾನೇ, ಮಾತಾಡಿ ಬಗೆಹರಿಸಿಕೊಳ್ಳಿ" ಎಂದು ಸಾಗಹಾಕುವುದುಂಟು. ಆಗ ದೂರನ್ನು ಬರಹದಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಕಳುಹಿಸಬಹುದು. ಅದೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಈ ದಾರಿ ಇದೆ.

ನಾಯಿಯನ್ನು ಹಿಡಿದಿದ್ದವನು ಕೆಲಸದ ಹುಡುಗ. ನನ್ನ ಮೇಲೇಕೆ ಕೇಸು?

ಕಲಮಿನಲ್ಲಿ ಇರುವುದು "ಮಾಲೀಕ" ಎಂಬ ಪದವಲ್ಲ, "ತನ್ನ ವಶದಲ್ಲಿರುವ ಪ್ರಾಣಿ" ಎಂಬ ಮಾತು. ಹೀಗಾಗಿ ಆ ಕ್ಷಣದಲ್ಲಿ ಬೆಲ್ಟು ಹಿಡಿದಿದ್ದವನೂ ಹೊಣೆಗಾರನಾಗಬಹುದು. ಆದರೆ ನಾಲ್ವತ್ತು ಕಿಲೋ ನಾಯಿಯನ್ನು ಅದಕ್ಕಿಂತ ಸ್ವಲ್ಪವೇ ಹೆಚ್ಚು ತೂಗುವ ಹುಡುಗನ ಕೈಗೆ ಕೊಟ್ಟು ಕಳುಹಿಸಿದ್ದು ನೀವು. ಆ ನಿರ್ಧಾರವೇ ಅಜಾಗರೂಕತೆ ಎಂದು ಎದುರು ಪಕ್ಷದ ವಕೀಲರು ವಾದಿಸಿದರೆ ನಿಮ್ಮಲ್ಲಿ ಉತ್ತರವಿರಬೇಕು. ನಾಯಿಯನ್ನು ಎಳೆದು ನಿಲ್ಲಿಸಲಾರದವರ ಕೈಗೆ, ಮುಖ್ಯವಾಗಿ ಮಕ್ಕಳ ಕೈಗೆ, ಬೆಲ್ಟು ಕೊಡಬೇಡಿ.

ಆಸ್ಪತ್ರೆಯ ಖರ್ಚನ್ನು ಯಾರು ಕೊಡಬೇಕು?

ಕ್ರಿಮಿನಲ್ ಪ್ರಕರಣದ ದಂಡ ಸರ್ಕಾರಕ್ಕೆ ಹೋಗುತ್ತದೆ. ಗಾಯಾಳುವಿನ ಕೈಗೆ ಹಣ ಬರಬೇಕಾದರೆ ಸಾಮಾನ್ಯವಾಗಿ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆ ಹೂಡಬೇಕು. ಅಲ್ಲಿ ಗೆಲ್ಲುವ ದಾರಿಗಳು ಎರಡು. ನಾಯಿಗೆ ಕಚ್ಚುವ ಚಾಳಿಯಿತ್ತು, ಅದು ಮಾಲೀಕರಿಗೆ ತಿಳಿದಿತ್ತು ಎಂದು ತೋರಿಸುವುದು ಒಂದು. ಚಾಳಿಯ ಮಾತು ಹೇಗೇ ಇರಲಿ, ಗೇಟು ತೆರೆದಿಟ್ಟಿದ್ದೋ ಬೆಲ್ಟಿಲ್ಲದೆ ಬಿಟ್ಟಿದ್ದೋ ನಿರ್ಲಕ್ಷ್ಯ ಎಂದು ತೋರಿಸುವುದು ಇನ್ನೊಂದು. ಆಸ್ಪತ್ರೆಯ ಬಿಲ್ಲು, ಗಾಯದ ದಿನಾಂಕ ಸಹಿತ ಚಿತ್ರಗಳು, ಸಿಸಿಟಿವಿ ದೃಶ್ಯ, ಕೆಲಸಕ್ಕೆ ಹೋಗಲಾಗದೆ ಕಳೆದುಕೊಂಡ ಸಂಬಳದ ಲೆಕ್ಕ ಇವನ್ನು ಮೊದಲ ದಿನದಿಂದಲೇ ಕೂಡಿಡಿ. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿದುಹೋಗುವುದು ಸಾಮಾನ್ಯ. ವಾಸ್ತವದಲ್ಲಿ ಹೆಚ್ಚಿನ ಪ್ರಕರಣಗಳು ನ್ಯಾಯಾಲಯದವರೆಗೆ ಹೋಗದೆ, ಮಾಲೀಕರು ಖರ್ಚು ಕೊಟ್ಟಲ್ಲಿಗೆ ಮುಗಿಯುತ್ತವೆ. ಹಾಗೆ ಮುಗಿಸುವುದಾದರೂ ಎಷ್ಟು ಕೊಟ್ಟಿರಿ, ಯಾವುದಕ್ಕೆ ಕೊಟ್ಟಿರಿ ಎಂಬುದು ಕಾಗದದ ಮೇಲಿರಲಿ. ಮೂರನೆಯವರಿಗೆ ಆಗುವ ಹಾನಿಯನ್ನು ತುಂಬಿಕೊಡುವ ಸಾಕುಪ್ರಾಣಿ ವಿಮೆಗಳೂ ಈಗ ಇವೆ. ದೊಡ್ಡ ನಾಯಿ ಸಾಕುವವರು ವಿಚಾರಿಸುವುದು ಜಾಣತನ.

## ನೆರೆಹೊರೆ ಮತ್ತು ಅಪಾರ್ಟ್‌ಮೆಂಟ್

ನಮ್ಮ ಸಂಘದ ಸಭೆಯಲ್ಲಿ ಬಹುಮತದಿಂದ ನಾಯಿ ನಿಷೇಧಿಸಿದ್ದೇವೆ. ಅದು ನಡೆಯುತ್ತದೆಯೇ?

ನಡೆಯುವುದು ಕಷ್ಟ. ಬಹುಮತವಿದ್ದರೂ, ಉಪವಿಧಿಯನ್ನು ತಿದ್ದಿದರೂ, ಸಾಕುಪ್ರಾಣಿಗಳನ್ನು ಪೂರ್ತಿಯಾಗಿ ನಿಷೇಧಿಸುವಂತಿಲ್ಲ, ಲಿಫ್ಟ್ ಬಳಕೆಗೆ ಅಡ್ಡಿ ಮಾಡುವಂತಿಲ್ಲ ಎಂಬುದು ಪ್ರಾಣಿ ಕಲ್ಯಾಣ ಮಂಡಳಿಯ ನಿಲುವು. ವಸತಿ ಸಮುಚ್ಚಯಗಳ ಇಂಥ ನಿಷೇಧದ ಷರತ್ತುಗಳು ಕಾನೂನುಬಾಹಿರವೆಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿದೆ. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕದಿದ್ದರೂ ವಾದದಲ್ಲಿ ತೂಕವುಳ್ಳದ್ದು.

ಸಂಘಗಳು ನಿಷೇಧದ ಹಟ ಬಿಟ್ಟು ಸಾಧ್ಯವಿರುವುದರತ್ತ ನೋಡಬೇಕು. ಲಸಿಕೆಯ ಪ್ರತಿಯನ್ನು ಕೇಳಬಹುದು, ಸಾಮಾನ್ಯ ಜಾಗದಲ್ಲಿ ಬೆಲ್ಟು ಇರಲಿ ಎನ್ನಬಹುದು, ಮಕ್ಕಳು ಆಡುವ ಹೊತ್ತಿಗೆ ಬೇರೆ ದಾರಿ ಬಳಸುವಂತೆ ಕೋರಬಹುದು. ಯಾವುದಾದರೂ ನಾಯಿ ಕಚ್ಚಿದ್ದರೆ ಆ ಮನೆಯವರಿಗೆ ಮಾತ್ರ ಸೇರುವಂತೆ ಲಿಖಿತ ಸೂಚನೆ ಕೊಡಬಹುದು. ಇಡೀ ಕಟ್ಟಡದ ನಾಯಿಗಳ ಮೇಲೆ ಯುದ್ಧ ಸಾರುವ ಸುತ್ತೋಲೆಗಿಂತ ಹೆಸರು, ದಿನಾಂಕ, ಘಟನೆ ಇರುವ ಆ ಒಂದು ಪತ್ರ ಮುಂದೆ ನ್ಯಾಯಾಲಯದಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪಕ್ಕದ ಮನೆಯವರು ನಾಯಿಯನ್ನು ದಿನವಿಡೀ ಚೈನಿನಲ್ಲಿ ಕಟ್ಟಿರುತ್ತಾರೆ. ಅದು ಇನ್ನಷ್ಟು ರೊಚ್ಚಿಗೇಳುತ್ತಿದೆ.

ನಿಮ್ಮ ಗಮನಿಕೆ ಸರಿಯಾಗಿದೆ. ನಡೆದಾಟವಿಲ್ಲದೆ, ಜನರ ಒಡನಾಟವಿಲ್ಲದೆ ಕಟ್ಟಿಹಾಕಿದ ನಾಯಿ ಹೆದರಿಕೆಯಿಂದಲೇ ಕಚ್ಚುವ ನಾಯಿಯಾಗುತ್ತದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ತೀರಾ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟುವುದೂ, ಸದಾ ಕಟ್ಟಿರುವ ನಾಯಿಯನ್ನು ಅದರ ಒಡೆಯ ತಕ್ಕಷ್ಟು ಅಡ್ಡಾಡಿಸದಿರುವುದೂ ಅಪರಾಧಗಳೆಂದು ಬೇರೆ ಬೇರೆಯಾಗಿಯೇ ಹೇಳಿದೆ. ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ! ಈ ಮೊತ್ತ ಅಂದಿನ ಕಾಲದ್ದು. ಇಂದು ಅದರಲ್ಲಿ ಆ ನಾಯಿಗೆ ಒಂದು ಹೊತ್ತಿನ ಮಾಂಸವೂ ಬಾರದು. ದಂಡಕ್ಕೆ ಯಾರೂ ಹೆದರುವುದಿಲ್ಲ, ಆದರೆ ಪಶುವೈದ್ಯರೊಬ್ಬರನ್ನು ಕರೆದುಕೊಂಡು ಹೋಗಿ ಮಾತಾಡಿಸಿದರೆ ಕೇಳುವವರಿದ್ದಾರೆ.

ಮೇಲೆರಗಿದ ನಾಯಿಗೆ ದೊಣ್ಣೆಯಿಂದ ಹೊಡೆದೆ. ಈಗ ನನ್ನ ಮೇಲೆಯೇ ಕೇಸು ಹಾಕುತ್ತೇವೆ ಎನ್ನುತ್ತಾರೆ.

ಕಚ್ಚುತ್ತಿರುವ ನಾಯಿಯನ್ನು ಬಿಡಿಸಿಕೊಳ್ಳಲು, ಅಥವಾ ಮಗುವನ್ನು ಕಾಪಾಡಲು, ಆ ಕ್ಷಣಕ್ಕೆ ಬೇಕಾದಷ್ಟು ಬಲ ಬಳಸಿದರೆ ಅಪರಾಧವಾಗದು. ದೊಡ್ಡ ಹಾನಿಯನ್ನು ತಪ್ಪಿಸಲು ದುರುದ್ದೇಶವಿಲ್ಲದೆ ಮಾಡಿದ ಕೃತ್ಯಕ್ಕೆ ನ್ಯಾಯ ಸಂಹಿತೆಯ 19ನೇ ಕಲಮಿನ ರಕ್ಷಣೆಯಿದೆ. ಆದರೆ ನಾಯಿ ಹಿಂದೆ ಸರಿದ ಮೇಲೆ ಅಟ್ಟಿಸಿಕೊಂಡು ಹೋಗಿ ಹೊಡೆಯುವುದು, ಮರುದಿನ ವಿಷವಿಕ್ಕುವುದು ಬೇರೆಯದೇ ಮಾತು. ಪ್ರಾಣಿಯನ್ನು ಕೊಲ್ಲುವುದಕ್ಕೆ, ವಿಷವಿಕ್ಕುವುದಕ್ಕೆ, ಅಂಗಹೀನ ಮಾಡುವುದಕ್ಕೆ 325ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಿದೆ. ಅಂದರೆ ಕಚ್ಚಿಸಿದವರಿಗಿಂತ ಸೇಡು ತೀರಿಸಿಕೊಂಡವರೇ ಹೆಚ್ಚು ಕಾಲ ಜೈಲು ಕಾಣುವ ಸಾಧ್ಯತೆಯಿದೆ.

## ತೊಡಕಿನ ಪ್ರಶ್ನೆಗಳು

ಸಾಕುನಾಯಿಯನ್ನು ಹಿಡಿದೊಯ್ದು ಕೊಲ್ಲುವ ಅಧಿಕಾರ ಯಾರಿಗಾದರೂ ಇದೆಯೇ?

ಪಾಲಿಕೆಯ ಸಿಬ್ಬಂದಿಗಾಗಲಿ ಪೊಲೀಸ್ ಪೇದೆಗಾಗಲಿ ತಮ್ಮಷ್ಟಕ್ಕೆ ತೀರ್ಮಾನಿಸಿ ಹಾಗೆ ಮಾಡುವ ಅಧಿಕಾರವಿಲ್ಲ. ಆದರೆ ಹೆಚ್ಚಿನವರಿಗೆ ತಿಳಿಯದ ಒಂದು ವಿಧಿ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 133 ಆಗಿದ್ದದ್ದು, ಸಾರ್ವಜನಿಕ ಉಪದ್ರವಗಳನ್ನು ನಿವಾರಿಸುವಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಷರತ್ತುಬದ್ಧ ಆದೇಶ ಹೊರಡಿಸಬಹುದು. ರಸ್ತೆಗೆ ಅಡ್ಡವಾದ ಕಟ್ಟಡ, ಬೀಳುವಂತಿರುವ ಮರ, ಬೇಲಿಯಿಲ್ಲದ ಬಾವಿಗಳ ಸಾಲಿನಲ್ಲೇ "ಅಪಾಯಕಾರಿ ಪ್ರಾಣಿ"ಯೂ ಬರುತ್ತದೆ. ಅದನ್ನು ಕೊಲ್ಲಿಸುವುದಕ್ಕೆ, ಕೂಡಿಹಾಕುವುದಕ್ಕೆ ಅಥವಾ ಬೇರೆ ರೀತಿಯಲ್ಲಿ ವಿಲೇವಾರಿ ಮಾಡುವುದಕ್ಕೆ ಆದೇಶ ಕೊಡಬಹುದು.

ಜಿಲ್ಲೆಗಳಲ್ಲಿ ಉಪವಿಭಾಗಾಧಿಕಾರಿಯ ಕಚೇರಿಗೆ ಇದಕ್ಕಾಗಿ ಅರ್ಜಿ ಸಲ್ಲಿಸಬೇಕು. ಅರ್ಜಿಯಲ್ಲಿ ಹೆಸರಿಸಬೇಕಾದದ್ದು ತಳಿಯನ್ನಲ್ಲ, ಆ ನಾಯಿ ಯಾವ ಯಾವ ದಿನ ಯಾರ ಮೇಲೆ ಎರಗಿತು ಎಂಬುದನ್ನು. ಮಾಲೀಕರಿಗೆ ಹಾಜರಾಗಿ ಆದೇಶ ಏಕೆ ಬೇಡವೆಂದು ತೋರಿಸುವ ಅವಕಾಶ ಇದ್ದೇ ಇರುತ್ತದೆ. ಎತ್ತರದ ಬೇಲಿ, ಬಾಯಿಕುಕ್ಕೆ, ತರಬೇತಿಯಂಥ ಕ್ರಮಗಳನ್ನು ಅಷ್ಟರೊಳಗೆ ಕೈಗೊಂಡಿದ್ದರೆ ಆ ಹಂತದಲ್ಲಿ ಮಾತಿಗೆ ಬಲ ಬರುತ್ತದೆ. ಪ್ರಾಣ ತೆಗೆಯುವುದು ಕೊನೆಯ ಮಾತಾಗಬೇಕು, ಕೂಡಿಹಾಕುವುದರಿಂದ ಅಪಾಯ ತಪ್ಪುವುದಾದರೆ ಅಷ್ಟಕ್ಕೇ ನಿಲ್ಲಬೇಕು ಎಂಬುದು ನನ್ನ ನಿಲುವು.

ಕಾವಲಿಗೆ ಒಳ್ಳೆಯ ಜಬರ್ದಸ್ತಾದ ಮರಿ ಬೇಕು. ಕೊಳ್ಳುವಾಗ ಏನು ನೋಡಬೇಕು?

2017ರ ನಾಯಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಸಂವರ್ಧಕರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಎಂಟು ವಾರದ ನಿಯಮಕ್ಕೆ ಕಾರಣವಿದೆ: ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುವಾಗಲೇ ಕಚ್ಚುವ ಬಲವನ್ನು ಹತೋಟಿಯಲ್ಲಿಡಲು ಮರಿ ಕಲಿಯುತ್ತದೆ. ಕಣ್ಣು ಬಿಟ್ಟ ಕೂಡಲೇ ತಂದ ಮರಿಗೆ ಆ ಪಾಠ ತಪ್ಪಿರುತ್ತದೆ. ಸಾಧ್ಯವಾದರೆ ತಾಯಿನಾಯಿಯನ್ನು ನೋಡಿ ಬನ್ನಿ. ಅದು ಅಪರಿಚಿತರನ್ನು ಹೇಗೆ ಎದುರುಗೊಳ್ಳುತ್ತದೆ ಎಂಬುದು ಮಾರುವವರ ಮಾತಿಗಿಂತ ನಂಬಲರ್ಹ. ನಾಯಿಕಾಳಗಕ್ಕೆಂದು ಮರಿ ಬೆಳೆಸಿಕೊಡುತ್ತೇವೆ ಎನ್ನುವವರ ಹತ್ತಿರವೂ ಸುಳಿಯಬೇಡಿ; ಪ್ರಾಣಿಗಳನ್ನು ಕಾದಾಟಕ್ಕೆ ಕೆರಳಿಸುವುದೇ ಅಪರಾಧ.

ಕೆಲಸದ ಮೇಲೆ ಬೇರೆ ರಾಜ್ಯಕ್ಕೆ, ಆಮೇಲೆ ಇಂಗ್ಲೆಂಡಿಗೆ ಹೋಗಬೇಕಾಗಿದೆ. ನಾಯಿಯನ್ನು ಕರೆದೊಯ್ಯಬಹುದೇ?

ಕರ್ನಾಟಕದಲ್ಲಿ ಸರಿಯಿರುವುದು ಗಡಿ ದಾಟಿದ ಮೇಲೂ ಸರಿಯಿರುತ್ತದೆ ಎಂದುಕೊಳ್ಳಬೇಡಿ. ಉದಾಹರಣೆಗೆ, ಉತ್ತರ ಪ್ರದೇಶದ ಗಾಜಿಯಾಬಾದ್ ನಗರ ಪಾಲಿಕೆ 2022ರಲ್ಲಿ ಪಿಟ್‌ಬುಲ್, ರಾಟ್‌ವೀಲರ್, ಡೋಗೋ ಅರ್ಜೆಂಟೀನೋ ತಳಿಗಳ ವಿರುದ್ಧ ನಿರ್ಣಯ ಕೈಗೊಂಡಿತು. ಹೋಗುವ ಊರಿನ ಪಾಲಿಕೆಯಲ್ಲಿ ಮೊದಲೇ ವಿಚಾರಿಸಿ.

ಇಂಗ್ಲೆಂಡಿನ ದಾರಿ ನಮ್ಮದಕ್ಕೆ ತೀರಾ ಬೇರೆ. ಅಲ್ಲಿ 1991ರ ಕಾಯ್ದೆಯಿಂದ ನಿರ್ದಿಷ್ಟ ಬಗೆಗಳೇ ನಿಷಿದ್ಧ: ಪಿಟ್‌ಬುಲ್ ಟೆರಿಯರ್, ಜಪಾನೀ ಟೋಸಾ, ಡೋಗೋ ಅರ್ಜೆಂಟೀನೋ, ಫಿಲಾ ಬ್ರಾಸಿಲೇರೋ, 2023ರ ಕೊನೆಯಲ್ಲಿ ಎಕ್ಸ್‌ಎಲ್ ಬುಲ್ಲಿಯೂ ಸೇರಿತು. ವಂಶಾವಳಿಯ ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಮೈಕಟ್ಟಿನ ಅಳತೆ ಹೊಂದಿದರೆ ಮಿಶ್ರತಳಿಯೂ ಸಿಕ್ಕಿಬೀಳುತ್ತದೆ. ಇಂಥ ನಾಯಿ ಇದ್ದವರು ಅದನ್ನು ಇಲ್ಲಿಯೇ ನಂಬಿಕಸ್ಥರ ಬಳಿ ಬಿಟ್ಟುಹೋಗುವ ಏರ್ಪಾಡನ್ನು ತಿಂಗಳುಗಳ ಮೊದಲೇ ಮಾಡಬೇಕು. ಬೀದಿಯಲ್ಲಿ ಬಿಟ್ಟುಹೋಗುವುದು ಪ್ರಾಣಿಹಿಂಸೆ ಕಾಯ್ದೆಯಡಿ ಅಪರಾಧ.

ನನ್ನ ನಾಯಿ ಈಗಾಗಲೇ ಒಬ್ಬರನ್ನು ಕಚ್ಚಿದೆ. ಅವರು ದೂರು ಕೊಟ್ಟಿಲ್ಲ. ಇನ್ನು ಮುಂದೆ ನಾನೇನು ಮಾಡಬೇಕು?

ಮೊದಲ ಕಡಿತದೊಂದಿಗೆ ನಿಮ್ಮ ಕಾನೂನು ಸ್ಥಿತಿ ಬದಲಾಗಿದೆ. "ನಮ್ಮ ನಾಯಿ ಹಾಗಲ್ಲ" ಎಂಬ ಮಾತನ್ನು ಇನ್ನು ನೀವು ಆಡುವಂತಿಲ್ಲ. ಎರಡನೆಯ ಸಲ ಹಾಗಾದರೆ ಅಪಾಯ ತಿಳಿದಿದ್ದೂ ಸುಮ್ಮನಿದ್ದಿರಿ ಎಂದಾಗುತ್ತದೆ. ಈ ವಾರವೇ ಪಶುವೈದ್ಯರಿಗೆ ತೋರಿಸಿ; ಕಿವಿಯ ಸೋಂಕು, ಸೊಂಟದ ನೋವು ಇದ್ದಕ್ಕಿದ್ದಂತೆ ಕಚ್ಚಲು ಶುರುಮಾಡುವುದಕ್ಕೆ ಕಾರಣವಾಗಿರಬಹುದು, ನೋವು ವಾಸಿಯಾದರೆ ಚಾಳಿಯೂ ತಗ್ಗಬಹುದು. ಹೊಡೆದು ಬುದ್ಧಿ ಕಲಿಸುವ ತರಬೇತುದಾರರನ್ನು ದೂರವಿಡಿ, ಏಕೆಂದರೆ ಹೆದರಿದ ನಾಯಿ ಗುರ್ರೆನ್ನುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ. ಲಸಿಕೆ, ಪರವಾನಗಿ, ಪಶುವೈದ್ಯರ ಚೀಟಿ, ಬೇಲಿ ಎತ್ತರಿಸಿದ ಕೆಲಸದ ರಸೀದಿ ಎಲ್ಲವನ್ನೂ ಒಂದು ಕಡತದಲ್ಲಿ ದಿನಾಂಕದ ಕ್ರಮದಲ್ಲಿ ಇಡಿ. ಕಚ್ಚಿಸಿಕೊಂಡವರ ಮನೆಗೆ ನೀವೇ ಹೋಗಿ ಚುಚ್ಚುಮದ್ದು ಎಷ್ಟನೆಯದಕ್ಕೆ ಬಂತೆಂದು ವಿಚಾರಿಸಿ, ಹತ್ತನೆಯ ದಿನ ನಾಯಿ ಹೇಗಿದೆ ಎಂದು ತಿಳಿಸಿ, ಆಸ್ಪತ್ರೆಯ ಬಿಲ್ಲನ್ನು ಅವರು ಕೇಳುವ ಮೊದಲೇ ತುಂಬಿಕೊಡಿ.